ಬಿಜಾಗರಿ

ಮೂರು ಬೆರಳು, ಒಂದರ ಮೇಲೊಂದು, ಹಲ್ಲಿನ ನಡುವೆ ಹಿಡಿಸಬೇಕು.
ನನಗೆ ಎರಡು. ಅದೂ ಕಿರುಬೆರಳು ಸೇರಿಸಿ.
"ಇಪ್ಪತ್ತಾರು ಮಿಲಿಮೀಟರು" ಎಂದು ಸ್ಕೇಲು ಒರೆಸಿಟ್ಟರು ಡಾಕ್ಟರು.
ಧಾರವಾಡದ ಆ ಕಿಟಕಿಯ ಹೊರಗೆ
ಹುಬ್ಬಳ್ಳಿಗೆ ಹೊರಟ ಚಿಗರಿ ಬಸ್ಸು
ಬಾಗಿಲು ಸರಿಸಿತು, ಮುಚ್ಚಿತು,
ಏನೂ ನೆನಪಿಟ್ಟುಕೊಳ್ಳದ ಹಾಗೆ.

ಫೈಲಿನ ಮೇಲೆ: ಕಾಳಿಕಾ ಮೌನೇಶಪ್ಪ ಬಡಿಗೇರ, ಬೆಟಗೇರಿ.
ಒಳಗೆ ಎರಡು ಫೋಟೊ.
ಮೊದಲಿನದರಲ್ಲಿ ಗದ್ದ ಎಡಕ್ಕೆ ಹೊರಟಿದೆ,
ಯಾರೋ ಓಣಿಯ ತಿರುವಿನಿಂದ ಕೂಗಿದಂತೆ.
ಎರಡನೆಯದರಲ್ಲಿ ಮನೆಗೆ ಬಂದಿದೆ.

ಆಪರೇಶನ್ನಿನ ಮೊದಲು ಅಪ್ಪ ಕೇಳಿದ್ದು ಇಷ್ಟೇ.
"ಎಷ್ಟು ಸರಸ್ತೀರಿ?"
"ಆರು ಮಿಲಿಮೀಟರು."
"ಅಂದ್ರ ಎರಡು ನೂಲು." ಕಿವಿಯ ಮೇಲಿನ ಪೆನ್ಸಿಲ್ಲು ಮುಟ್ಟಿಕೊಂಡ.
"ಕದಾ ಎರಡು ನೂಲು ಸರಸಿದ್ರ
ಬಿಜಾಗರಿ ಏನಂತೈತ್ರಿ?"

ಡಾಕ್ಟರು ನಕ್ಕರು. ಆಮೇಲೆ ನಗಲಿಲ್ಲ.
ಚೀಟಿಯ ಹಿಂದೆ ಬರೆದು ತೋರಿಸಿದರು:
ಇದು ತಲೆಬುರುಡೆಯ ಬಟ್ಟಲು, ಇದು ದವಡೆಯ ಗುಂಡು,
ನಡುವೆ ಒಂದು ತೆಳು ಗಾದಿ.
ನಾವು ಕೊಯ್ಯುವುದು ಇಲ್ಲಿ, ಕೆಳಗೆ.
ಮೇಲಿನದನ್ನು ಮುಟ್ಟುವುದಿಲ್ಲ. ಆದರೆ ಅದಕ್ಕೆ ತಿಳಿಯುತ್ತದೆ.
ಗುಂಡು ಒಂದಿಷ್ಟು ಹೊರಳುತ್ತದೆ, ಹಿಂದಕ್ಕೆ ಒತ್ತುತ್ತದೆ,
ಹೊಸ ಜಾಗಕ್ಕೆ ಒಗ್ಗಿಕೊಳ್ಳುತ್ತದೆ, ಬಹಳ ಮಂದಿಗೆ.
ಕೆಲವರಿಗೆ ಹಳೆಯ ಶಬ್ದ ಹೋಗುತ್ತದೆ.
ಕೆಲವರಿಗೆ ಇಲ್ಲದ ಶಬ್ದ ಬರುತ್ತದೆ.
ಅಪರೂಪಕ್ಕೆ ಗುಂಡೇ ಸವೆಯುತ್ತದೆ. ಮೊದಲೇ ಹೇಳಲು ಬರುವುದಿಲ್ಲ.
"ಕಟಗಿನೂ ಹಂಗರೀ," ಎಂದ ಅಪ್ಪ. ಚೀಟಿ ಮಡಚಿ ಜೇಬಿಗಿಟ್ಟ.

ನನ್ನದು ಹಳೆಯ ಶಬ್ದ.
ಕಡಕ್ ರೊಟ್ಟಿ ಕಚ್ಚಿದಾಗ ಟಕ್ ಅಂದದ್ದು ರೊಟ್ಟಿಯೋ ನಾನೋ
ಎಂದು ಪಂತ ಕಟ್ಟುತ್ತಿದ್ದ ಸೋದರಮಾವನ ಮಗ ವಿರೂಪಾಕ್ಷ,
ಕೆನ್ನೆಗೆ ಕಿವಿ ಹಚ್ಚಿ.
ಈಗ ಬಲಗಡೆ ಸುಮ್ಮನಿದೆ.
ಎಡಗಡೆ, ಟಕ್ ಅಲ್ಲ,
ಉಸುಕಿನ ಮೇಲೆ ಚಪ್ಪಲಿ ಎಳೆದಂತೆ ಏನೋ,
ಒಳಗಿದ್ದವಳಿಗೆ ಮಾತ್ರ ಕೇಳುವಷ್ಟು.

ಊರಿಗೆ ಕಾಣುವುದು ಮುಖ.
ಚೆನ್ನವ್ವಕ್ಕ ಗದ್ದ ಹಿಡಿದು ಬೆಳಕಿಗೆ ತಿರುವಿ
ಸೀರೆಯ ದಡಿ ನೋಡಿದ ಹಾಗೆ ನೋಡಿದಳು:
"ಬರೊಬ್ಬರಿ ಆತು ನೋಡವ್ವಾ. ಇನ್ನ ಯಾರರೆ ಬಂದು ನೋಡಲಿ."
ಅವಳ ಬೆರಳು ಅಲ್ಲಿದೆಯೆಂದು ನನಗೆ ಗೊತ್ತಾದದ್ದು
ಬಳೆಯ ಸದ್ದಿನಿಂದ.
ಕೆಳತುಟಿ ಇನ್ನೂ ಎಚ್ಚರಾಗಿಲ್ಲ.
ಸಾರು ಸೋರಿದರೂ ಹೇಳುವುದಿಲ್ಲ.

ಗ್ಯಾಸ್ ಏಜೆನ್ಸಿಯಲ್ಲಿ ಮತ್ತೆ ಫೋನು ಎತ್ತಿದ ದಿನ
"ಕಾಳಿಕಾ ಮೇಡಂ ಬಿಟ್ಟು ಹ್ವಾದ್ರೇನ್ರಿ?" ಎಂದ
ಮುಳಗುಂದ ನಾಕಾದ ಗಿರಾಕಿ.
"ಇಲ್ಲೇ ಅದಾರ್ರಿ," ಎಂದೆ.
ಬುಕ್ಕಿನ ನಂಬರು ಬರೆದುಕೊಂಡೆ.

ಸಂಜೆ ವ್ಯಾಯಾಮ. ಐಸ್‌ಕ್ರೀಂ ಕಡ್ಡಿ ಸಾಕು ಅಂದಿದ್ದರು,
ಹಲ್ಲಿನ ನಡುವೆ ಒಂದೊಂದೇ ಹೆಚ್ಚಿಸುತ್ತ.
ಅಪ್ಪ ಬೇವಿನ ಚಕ್ಕೆ ಮಾಡಿಕೊಟ್ಟ,
ರಂದಾ ಎಳೆದು, ಪಾಲೀಶ್ ಕಾಗದ ತಿಕ್ಕಿ,
ಒಂದೊಂದನ್ನೂ ತನ್ನ ತುಟಿಗೆ ಒತ್ತಿ ನೋಡಿ:
ಸಿಬಿರು ಚುಚ್ಚಿದರೆ ನನ್ನದಕ್ಕೆ ತಿಳಿಯುವುದಿಲ್ಲವೆಂದು.
ಕಹಿ ಮಾತ್ರ ನಾಲಿಗೆಗೆ ಗೊತ್ತಾಯಿತು.

ನಮ್ಮ ತಲಬಾಗಿಲು ಹತ್ತೊಂಬತ್ತು ವರ್ಷದಿಂದ ಕಿರ್ ಅನ್ನುತ್ತದೆ.
ಊರ ಕದಕ್ಕೆಲ್ಲ ಎಣ್ಣೆ ಬಿಡುವವ ಇದಕ್ಕೆ ಬಿಟ್ಟಿಲ್ಲ.
"ಯಾರು ಬಂದ್ರು ತಿಳೀಬೇಕಲ್ಲ" ಅನ್ನುತ್ತಾನೆ.
ಮೈಗಳ್ಳತನ ಅನ್ನುತ್ತಾಳೆ ಅವ್ವ.

ಇವತ್ತು ಹದಿನಾಲ್ಕನೆಯ ಚಕ್ಕೆ.
ಅರ್ಧ ಹೋಯಿತು. ಕಿವಿಯ ಮುಂದೆ ಉಸುಕು ಕದಲಿತು, ನಿಂತಿತು.
ಸಾಕೆಂದು ಕೈ ಮಾಡಿದೆ,
ಹೇಳಲು ಬಾಯಿ ಖಾಲಿ ಇರಲಿಲ್ಲ.
ಅಪ್ಪ ಅದೊಂದನ್ನು ಹೊರಗೆಳೆದು
ಟ್ಯೂಬ್‌ಲೈಟಿಗೆ ಹಿಡಿದು,
ಒಂದು ಕಣ್ಣು ಮುಚ್ಚಿ ನೋಡಿ,
ಅಂಗಳಕ್ಕೆ ಹೋದ.
ಆಮೇಲೆ ರಂದಾ ಎಳೆಯುವ ಸದ್ದು,
ಒಂದೇ ಸಲ.